ಪೆಟ್ಟು ಬಿದ್ದಿದ್ದು ಮೆದುಳಿಗೆ, ಎಕೋ ಯಾಕೆ?

ಪ್ರಶ್ನೆ: ನನ್ನ ತಂಗಿಯ ಮಗು ಹುಟ್ಟಿದ ಕೂಡಲೇ ಅಳಲಿಲ್ಲ. ಮೆದುಳಿಗೆ ಆಕ್ಸಿಜನ್ ಸಾಲದೆ ಪೆಟ್ಟಾಗಿದೆ ಅಂತ ಹೇಳಿ ಮೂರು ದಿನ ಮೈ ತಣ್ಣಗಿಡುವ ಚಿಕಿತ್ಸೆ ಕೊಟ್ಟರು. ಆಗ ಮಾನಿಟರ್‌ನಲ್ಲಿ ಎದೆಬಡಿತ 90ರ ಆಸುಪಾಸಿನಲ್ಲೇ ಇತ್ತು, ನರ್ಸ್ ಪರವಾಗಿಲ್ಲ ಅಂದರು. ಆದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರು ಹೃದಯ ಸ್ವಲ್ಪ ವೀಕ್ ಇದೆ, ಒಂದು ಕವಾಟ ಲೀಕ್ ಆಗ್ತಿದೆ ಅಂದರು. ಪೆಟ್ಟು ಬಿದ್ದಿದ್ದು ಮೆದುಳಿಗಲ್ವಾ? ಮಧ್ಯದಲ್ಲಿ ಹೃದಯ ಯಾಕೆ ಬಂತು? ಮಗುವಿಗೀಗ 12 ದಿನ. ಮುಂದೆ ಹೃದಯದ ಕಾಯಿಲೆ ಉಳಿದುಬಿಡುತ್ತಾ?
– ಹೆಸರು ಬೇಡ

ಉತ್ತರ: ಆಕ್ಸಿಜನ್ ಕಮ್ಮಿಯಾದರೆ ಮೆದುಳಿಗೊಂದಕ್ಕೇ ಕಮ್ಮಿಯಾಗುವುದಿಲ್ಲ, ಇಡೀ ಮೈಗೆ ಕಮ್ಮಿಯಾಗುತ್ತದೆ. ಆಗ ಮಗುವಿನ ಮೈ ತಾನಾಗಿಯೇ ಒಂದು ಹಂಚಿಕೆ ಮಾಡಿಕೊಳ್ಳುತ್ತದೆ. ಇರುವಷ್ಟನ್ನು ಮೆದುಳಿಗೆ, ಹೃದಯಕ್ಕೆ, ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಕೊಟ್ಟು, ಚರ್ಮ, ಕರುಳು, ಕಿಡ್ನಿಯ ಕಡೆ ಹೋಗುವ ರಕ್ತನಾಳಗಳನ್ನು ಬಿಗಿ ಹಿಡಿದುಬಿಡುತ್ತದೆ. ಇಂಥ ಎಷ್ಟೋ ಮಕ್ಕಳು ಹುಟ್ಟುವಾಗ ಬಿಳಿಚಿಕೊಂಡಿರುವುದು, ಮೊದಲ ಒಂದೆರಡು ದಿನ ಉಚ್ಚೆ ಕಮ್ಮಿ ಹೊಯ್ಯುವುದು ಇದರಿಂದಲೇ. ಈ ಹಂಚಿಕೆ ಸ್ವಲ್ಪ ಹೊತ್ತು ನಡೆಯುತ್ತದೆ. ಕೊರತೆ ಮುಂದುವರಿದರೆ ರಕ್ತ ತಳ್ಳುವ ಹೃದಯದ ಸ್ನಾಯುವಿಗೇ ಆಕ್ಸಿಜನ್ ಸಾಲದೆ ಅದು ಸುಸ್ತಾಗುತ್ತದೆ. ರಕ್ತಪರೀಕ್ಷೆಯಲ್ಲಿ ಟ್ರೋಪೋನಿನ್ ಜಾಸ್ತಿ ಬಂದಿದೆ ಅಂತ ಹೇಳಿದ್ದರೆ ಅದು ಈ ಸ್ನಾಯುವಿಗೆ ಆದ ನೋವಿನ ಗುರುತು.

ಕವಾಟ ಲೀಕ್ ಅಂದರಲ್ಲ, ಅದನ್ನು ಹೀಗೆ ನೋಡಿ. ಹೃದಯದ ಬಲಗಡೆಯ ಕವಾಟವನ್ನು ದಾರದಂಥ ಎಳೆಗಳು ಒಳಗಿಂದ ಹಿಡಿದಿರುತ್ತವೆ. ಆ ಎಳೆಗಳ ಬುಡದಲ್ಲಿ ಬೆರಳಿನ ತುದಿಯ ಹಾಗೆ ಎದ್ದು ನಿಂತ ಪುಟ್ಟ ಸ್ನಾಯುಗಳಿವೆ. ರಕ್ತ ಕಮ್ಮಿಯಾದಾಗ ಬೇಗ ಪೆಟ್ಟು ತಿನ್ನುವುದು ಇವೇ. ಅವು ಸೋತರೆ ಕವಾಟ ಪೂರ್ತಿ ಮುಚ್ಚುವುದಿಲ್ಲ. ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಮಗು ಹುಟ್ಟಿ ಉಸಿರಾಡಿದ ಕೂಡಲೇ ಶ್ವಾಸಕೋಶದ ರಕ್ತನಾಳಗಳು ಸಡಿಲವಾಗಬೇಕು, ಆದರೆ ಆಕ್ಸಿಜನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿದಾಗ ಅವು ಬಿಗಿಯಾಗಿಯೇ ಉಳಿಯಬಹುದು, ಮೈ ತಣ್ಣಗಿಟ್ಟಾಗ ಇನ್ನಷ್ಟು ಬಿಗಿಯಾಗಬಹುದು. ಮೊದಲೇ ಸುಸ್ತಾದ ಬಲಭಾಗ ಅರ್ಧ ಮುಚ್ಚಿದ ಬಾಗಿಲನ್ನು ತಳ್ಳುತ್ತಾ ನಿಂತ ಹಾಗೆ. ಅದಕ್ಕೇ ಎಕೋದಲ್ಲಿ ಬಲಭಾಗವನ್ನು ಅಷ್ಟೊಂದು ಹೊತ್ತು ನೋಡುತ್ತಾರೆ.

ಬಿಪಿ ಸರಿ ಇತ್ತಲ್ಲ, ಎಕೋ ಸುಮ್ನೆ ಮಾಡಿದರಾ ಅಂತ ಕೇಳುವವರೂ ಇದ್ದಾರೆ. ಸುಮ್ನೆ ಅಲ್ಲ. ಪೈಪಿನ ಬಾಯಿಯನ್ನು ಬೆರಳಿಂದ ಒತ್ತಿ ಹಿಡಿದರೆ ಒಳಗೆ ಒತ್ತಡ ಇರುತ್ತದೆ, ಆದರೆ ಬಕೆಟ್‌ಗೆ ಬೀಳುವ ನೀರು ಕಮ್ಮಿ. ರಕ್ತನಾಳಗಳು ಬಿಗಿಯಾಗಿದ್ದಾಗಲೂ ಹೀಗೇ, ಬಿಪಿ ಅಂಕಿ ಚೆನ್ನಾಗಿದ್ದು ಮೈಗೆ ಹೋಗುವ ರಕ್ತ ಸಾಲದೇ ಇರಬಹುದು.

ಇನ್ನು ಆ 90. ಸಾಮಾನ್ಯವಾಗಿ ಹಸುಗೂಸಿನ ಎದೆಬಡಿತ ನಿಮಿಷಕ್ಕೆ 120ರಿಂದ 160. ನಿಮ್ಮ ತಂಗಿಯ ಮಗುವಿಗೆ ಕೊಟ್ಟ ಚಿಕಿತ್ಸೆಯನ್ನು ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ, ಮೈಯ ಬಿಸಿಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಇಡುತ್ತಾರೆ. ಮೈ ತಣ್ಣಗಾದಾಗ ಹೃದಯಕ್ಕೆ ತಾಳ ಹಾಕಿಕೊಡುವ ಜಾಗವೂ ನಿಧಾನವಾಗುತ್ತದೆ, ಮೈಗೆ ಬೇಕಾದ ಆಕ್ಸಿಜನ್ನೂ ಕಮ್ಮಿಯಾಗುತ್ತದೆ. ಹಾಗಾಗಿ 80ರಿಂದ 100 ಅಲ್ಲಿ ನಿರೀಕ್ಷಿಸಿದ ಅಂಕಿಯೇ. ನಿಜ ಹೇಳಬೇಕೆಂದರೆ ತಣ್ಣಗಿಟ್ಟ ಮಗುವಿನ ಎದೆಬಡಿತ 140 ತೋರಿಸಿದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ನೋವಾಗ್ತಿದೆಯಾ, ನಡುಗ್ತಿದೆಯಾ, ಫಿಟ್ಸ್ ಬರ್ತಿದೆಯಾ, ಮೈಯಲ್ಲಿ ರಕ್ತ ಕಮ್ಮಿಯಿದೆಯಾ ಅಂತ ಹುಡುಕಬೇಕಾಗುತ್ತದೆ. ನರ್ಸ್ ಹೇಳಿದ್ದು ಸರಿ, ಆದರೆ ಯಾಕೆ ಪರವಾಗಿಲ್ಲ ಅನ್ನುವುದನ್ನೂ ಎರಡು ಮಾತಲ್ಲಿ ಹೇಳಿದ್ದರೆ ನೀವು ಮೂರು ರಾತ್ರಿ ಆ ಹಸಿರು ಅಂಕಿಯನ್ನೇ ನೋಡುತ್ತಾ ಕೂರಬೇಕಿರಲಿಲ್ಲ. ಮತ್ತೆ ಬಿಸಿ ಮಾಡುವಾಗ ಗಂಟೆಗೆ ಅರ್ಧ ಡಿಗ್ರಿಗಿಂತ ಜಾಸ್ತಿ ಏರಿಸದೇ ಇರುವುದಕ್ಕೂ ಹೃದಯ ಒಂದು ಕಾರಣ. ರಕ್ತನಾಳಗಳು ಒಮ್ಮೆಗೇ ತೆರೆದುಕೊಂಡರೆ ಬಿಪಿ ಕುಸಿಯಬಹುದು.

ಮುಂದೇನು ಅಂದರೆ, ಈ ರೀತಿ ಸುಸ್ತಾದ ಹೃದಯ ಹೆಚ್ಚಿನ ಮಕ್ಕಳಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಲೀಕೂ ಕಮ್ಮಿಯಾಗುತ್ತಾ ಹೋಗುತ್ತದೆ. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷ ಇರುವುದು ಬೇರೆ ವಿಷಯ, ಅದು ಇದ್ದರೆ ಎಕೋದಲ್ಲೇ ಕಾಣುತ್ತದೆ. ಮತ್ತೊಂದು ಎಕೋ ಯಾವಾಗ ಅಂತ ಡಾಕ್ಟರನ್ನು ಕೇಳಿ. ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೇ ದಣಿಯುವುದು, ಉಸಿರು ಜೋರಾಗುವುದು ಕಂಡರೆ ಆ ದಿನಕ್ಕೆ ಕಾಯಬೇಡಿ. ತುಟಿ ನೀಲಿಯಾದರಂತೂ ತಕ್ಷಣ ಆಸ್ಪತ್ರೆಗೆ ಹೋಗಿ.

ಒಂದು ಮಾತನ್ನು ಮುಚ್ಚಿಡಬಾರದು. ಹೃದಯ ಸರಿಹೋಯಿತು ಅಂದಮಾತ್ರಕ್ಕೆ ಮೆದುಳೂ ಸರಿಹೋಯಿತು ಅಂತ ಅಲ್ಲ. ಅದರ ಲೆಕ್ಕ ಬೇರೆ. ಎಂಆರ್‌ಐ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಮಗು ಹಾಲು ಚೀಪುವ ರೀತಿ, ತಿಂಗಳು ತಿಂಗಳು ಬೆಳವಣಿಗೆ, ಇದನ್ನೆಲ್ಲ ನೋಡಿ ತಿಳಿಯಬೇಕು.

ಪ್ರಶ್ನೆ: ನಮ್ಮ ಮಗುವಿನ ಅಪ್ಗಾರ್ ಅಂಕ 1 ನಿಮಿಷಕ್ಕೆ 4, 5 ನಿಮಿಷಕ್ಕೆ 8 ಅಂತ ಬರೆದಿದ್ದಾರೆ. 4 ಅಂದರೆ ಮೆದುಳಿಗೆ ಏಟಾಗಿದೆಯಾ?
– ಹೊಸ ಅಪ್ಪ

ಉತ್ತರ: 4 ಒಂದನ್ನೇ ಹಿಡಿದು ಹಾಗೆ ಹೇಳಲಾಗದು. ಮೈಬಣ್ಣ, ಎದೆಬಡಿತ, ಕೆಣಕಿದಾಗಿನ ಪ್ರತಿಕ್ರಿಯೆ, ಕೈಕಾಲಿನ ಬಿಗಿ, ಉಸಿರು, ಈ ಐದಕ್ಕೂ 0ಯಿಂದ 2ರವರೆಗೆ ಕೊಟ್ಟು ಕೂಡಿದ್ದೇ ಅಪ್ಗಾರ್ ಅಂಕ. ಎದೆಬಡಿತ 100 ದಾಟಿದರೆ 2. ಉಸಿರಾಡದ ಮಗುವಿಗೆ ಚೀಲ ಒತ್ತಿ ಗಾಳಿ ಕೊಟ್ಟಾಗ ಸಾಮಾನ್ಯವಾಗಿ ಮೊದಲು ಏರುವುದು ಎದೆಬಡಿತವೇ, ಬಣ್ಣ ಆಮೇಲೆ ಬರುತ್ತದೆ. ನಿಮ್ಮ ಮಗು 5 ನಿಮಿಷದಲ್ಲಿ 8ಕ್ಕೆ ಬಂದಿದೆ, ಅದು ಒಳ್ಳೆಯ ಅಂಕ.