ಓದುಗರ ಪ್ರಶ್ನೆ, ಗಿಡದ ಮೇಡಂ ಉತ್ತರ: ಏಳು ನೀರಿನ ಗಂಜಿ

ಹಿಂದಿನ ಸಂಚಿಕೆಯಲ್ಲಿ ಮೂಲನಿವಾಸಿಗಳ ಕಾಡಿನ ಊಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ. ಗುಲಾಬಿ ಗಿಡದ ಹುಳದ ಬಗ್ಗೆ ಕೇಳಿದವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಗೆ ಓಕ್ ಮರದ ಕಾಯಿ ಮುಖ್ಯ ಊಟವಾಗಿತ್ತು ಅಂತ ಬರೆದಿದ್ದಿರಿ. ಆ ಕಾಯಿ ಬಾಯಿಗಿಡಲಾಗದಷ್ಟು ಕಹಿಯಂತೆ. ಹೇಗೆ ತಿನ್ನುತ್ತಿದ್ದರು ಮೇಡಂ?
— ಒಬ್ಬ ಕಾಲೇಜು ವಿದ್ಯಾರ್ಥಿನಿ

ಉತ್ತರ: ಕಹಿಗಿಂತ ಒಗರೇ ಹೆಚ್ಚಮ್ಮ. ಇಂಗ್ಲಿಷ್ ಪುಸ್ತಕ ಬರೆಯುವವರು ಎಷ್ಟೋ ಸಲ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎಳೆ ಬಾಳೆಕಾಯಿ ಕಚ್ಚಿದರೆ ನಾಲಿಗೆ ಹಿಡಿದುಕೊಂಡ ಹಾಗಾಗುತ್ತದಲ್ಲ, ಅದು ಇದು. ಕಾರಣ ಟ್ಯಾನಿನ್. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರನ್ನೇ ತೆಗೆದುಬಿಡುತ್ತದೆ. ಚರ್ಮ ಹದ ಮಾಡಲು ಮರದ ತೊಗಟೆ ಬಳಸುವುದೂ ಇದೇ ಟ್ಯಾನಿನ್‌ಗಾಗಿ.

ಆದರೆ ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಆ ಜನರ ಅಡುಗೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ. ಉದುರಿದ ಕಾಯಿ ಆರಿಸಿ, ಒಣಗಿಸಿ, ಸಿಪ್ಪೆ ಒಡೆದು, ಒಳಗಿನ ತೆಳು ಪೊರೆಯನ್ನು ಕೇರಿ ತೆಗೆದು, ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಒರಳು ಅಂದರೆ ಎಷ್ಟೋ ಕಡೆ ಬಿಡಿ ಕಲ್ಲಲ್ಲ. ನೆಲದ ಬಂಡೆಯಲ್ಲೇ ಕುಟ್ಟಿ ಕುಟ್ಟಿ ಆದ ಕುಳಿ. ಅಲ್ಲಿನ ಮಿವೊಕ್ ಜನರ ಚಾವ್‌ಸೆ ಅನ್ನುವ ಜಾಗದ ಬಂಡೆಯಲ್ಲಿ ಇಂಥ 1,185 ಕುಳಿಗಳಿವೆ. ಅದರ ಫೋಟೊ ಮೊದಲ ಸಲ ನೋಡಿದಾಗ ಮಳೆ ಹೊಡೆದು ಆದ ಗುಂಡಿಗಳು ಅಂದುಕೊಂಡಿದ್ದೆ.

ಆಮೇಲೆ ಮರಳಿನಲ್ಲಿ ಅಗಲವಾದ ಗುಂಡಿ ಮಾಡಿ, ಹಿಟ್ಟು ಹರಡಿ, ಮೇಲೆ ನೀರು ಹುಯ್ಯುವುದು. ನೇರವಾಗಿ ಹುಯ್ದರೆ ಹಿಟ್ಟು ಕದಡುತ್ತದೆ. ಅದಕ್ಕೆ ಎಲೆಯಿರುವ ಕೊಂಬೆ ಹಿಡಿದು ಅದರ ಮೇಲೆ ನೀರು ಬಿಡುತ್ತಿದ್ದರು. ನೀರು ಮರಳಿನಲ್ಲಿ ಇಳಿಯುತ್ತದೆ, ಒಗರನ್ನೂ ಜೊತೆಗೆ ಒಯ್ಯುತ್ತದೆ. ಮತ್ತೆ ಹುಯ್ಯುವುದು, ಚಿಟಿಕೆ ಬಾಯಿಗೆ ಹಾಕಿ ನೋಡುವುದು, ಮತ್ತೆ ಹುಯ್ಯುವುದು. ಕೊನೆಗೆ ಗಂಜಿ ಕಾಯಿಸುತ್ತಿದ್ದದ್ದು ಬುಟ್ಟಿಯಲ್ಲಿ! ನೀರು ಸೋರದಷ್ಟು ಬಿಗಿಯಾಗಿ ಹೆಣೆದ ಬುಟ್ಟಿ. ಒಲೆಯ ಮೇಲೆ ಇಡುವಂತಿಲ್ಲವಲ್ಲ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನೇ ಒಳಗೆ ಹಾಕಿ ತಿರುಗಿಸುತ್ತಿದ್ದರು. ಕೈ ನಿಲ್ಲಿಸಿದರೆ ಬುಟ್ಟಿ ಸೀಯುತ್ತದೆ.

ನಾನೂ ಒಂದು ಸಲ ಮಾಡಿ ನೋಡಿದ್ದೇನೆ. ಮಗಳು ಪರದೇಶದಲ್ಲಿದ್ದಾಗ ಅವಳ ಮನೆ ಹತ್ತಿರ ಓಕ್ ಮರಗಳಿದ್ದವು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು, ಸುಮ್ನೆ ಇರಲಾದೀತೇ? ಒಂದು ಚೀಲ ಆರಿಸಿ ತಂದೆ. ನೀರಿಗೆ ಹಾಕಿದರೆ ಕಾಲು ಭಾಗ ತೇಲಿದವು. ತೇಲುವುದರಲ್ಲಿ ಹುಳ ಇರುವುದೇ ಜಾಸ್ತಿ, ಎಸೆದೆ. ಉಳಿದದ್ದನ್ನು ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಕಟ್ಟಿ ನೆನೆಸಿದೆ. ಮೊದಲ ನೀರು ಕಡು ಚಹದ ಬಣ್ಣ. ಎರಡನೆಯದೂ ಹೆಚ್ಚುಕಡಿಮೆ ಅದೇ. ನಾಲ್ಕನೆಯ ನೀರಿಗೆ ಬಣ್ಣ ತೆಳುವಾಯಿತು, ನನ್ನ ತಾಳ್ಮೆಯೂ ಮುಗಿಯಿತು. ಗಂಜಿ ಕಾಯಿಸಿದೆ. ಅಳಿಯ ಒಂದು ಚಮಚ ತಿಂದು, "ಚೆನ್ನಾಗಿದೆ ಅತ್ತೆ," ಅಂದು ಎರಡು ಲೋಟ ನೀರು ಕುಡಿದ. ಮಗಳು ಅಷ್ಟೂ ಹೇಳಲಿಲ್ಲ. ಉಳಿದ ಹಿಟ್ಟಿಗೆ ಇನ್ನೂ ಮೂರು ನೀರು ಬದಲಿಸಿ ಮಾರನೆಯ ದಿನ ಮಾಡಿದ್ದು ಬೇರೆಯೇ ಇತ್ತು. ಸಪ್ಪೆ, ನುಣ್ಣಗೆ, ಕೊನೆಗೆ ಸ್ವಲ್ಪ ಕಡಲೆಬೀಜದ ನೆನಪು. ಕೇಳಲು ಅಳಿಯ ಮನೆಯಲ್ಲಿರಲಿಲ್ಲ.

ಪ್ರಶ್ನೆ: ಕಾಡಿನಲ್ಲಿ ದಾರಿ ತಪ್ಪಿದವನು ಬುಡಕಟ್ಟಿನವರು ತಿನ್ನುವುದನ್ನು ನೋಡಿ ತಿಂದರೆ ಬದುಕಬಹುದು, ಅಲ್ವಾ?
— ಚಾರಣದ ಹುಚ್ಚಿರುವ ಓದುಗ

ಉತ್ತರ: ನೋಡಿ ತಿಂದವರ ಕಥೆ ಹೇಳುತ್ತೇನೆ. 1861. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟಿದ್ದ ಬರ್ಕ್, ವಿಲ್ಸ್ ಮತ್ತು ಕಿಂಗ್ ಏಪ್ರಿಲ್ 21ರ ಸಂಜೆ ಕೂಪರ್ ಕ್ರೀಕ್ ಎಂಬ ಹೊಳೆಯ ಹತ್ತಿರದ ತಮ್ಮ ಬಿಡಾರಕ್ಕೆ ವಾಪಸು ಬಂದರು. ಅವರಿಗಾಗಿ ತಿಂಗಳುಗಟ್ಟಲೆ ಕಾದಿದ್ದ ಜೊತೆಗಾರರು ಅದೇ ದಿನ ಬೆಳಿಗ್ಗೆ ಅಲ್ಲಿಂದ ಹೊರಟುಹೋಗಿದ್ದರು. (ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ "ಅಯ್ಯೋ" ಕೇಳುತ್ತಿತ್ತು.) ಆ ಹೊಳೆ ಯಾಂದ್ರುವಂಧಾ ಜನರ ನೆಲ. ಅವರು ಈ ಮೂವರಿಗೆ ಮೀನು ಕೊಟ್ಟರು, ನಾರ್ಡೂ ಕೊಟ್ಟರು.

ನಾರ್ಡೂ ಅಂದರೆ ನೀರಿನಂಚಿನಲ್ಲಿ ಬೆಳೆಯುವ ಒಂದು ಜರೀಗಿಡ. ನಾಲ್ಕು ಎಸಳಿನ ಎಲೆ. ಬೀಜ ಬಿಡುವುದಿಲ್ಲ. ಬುಡದಲ್ಲಿ ಕಾಳಿನಂಥ ಗಟ್ಟಿ ಗುಳಿಗೆಗಳು, ಅದರೊಳಗೆ ಬೀಜಕಣ. ಆ ಗುಳಿಗೆ ಅರೆದು ರೊಟ್ಟಿ, ಅಂಬಲಿ ಮಾಡುತ್ತಾರೆ. ಮೂವರೂ ಗಿಡ ಪತ್ತೆ ಮಾಡಿದರು, ಆರಿಸಿದರು, ಕುಟ್ಟಿದರು, ತಿಂದರು. ಹೊಟ್ಟೆ ತುಂಬುತ್ತಿತ್ತು, ಕಾಲಿನ ಬಲ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಬರ್ಕ್ ಮತ್ತು ವಿಲ್ಸ್ ಎರಡೂವರೆ ತಿಂಗಳೊಳಗೆ ತೀರಿಕೊಂಡರು.

ನಾರ್ಡೂವಿನಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಬಿ1 ಇಲ್ಲದಿದ್ದರೆ ಬೆರಿಬೆರಿ, ಕಾಲು ಸೋಲುವ ರೋಗ. ಅವರನ್ನು ಕೊಂದದ್ದರಲ್ಲಿ ಇದರ ಪಾಲೂ ಇದೆ ಅನ್ನುವುದು ಕೆಲವು ವಿಜ್ಞಾನಿಗಳ ವಾದ. ಹಸಿವು, ಚಳಿ, ದಣಿವು ಇದ್ದೇ ಇದ್ದವು. ಯಾಂದ್ರುವಂಧಾ ಜನರಿಗೆ ಅದನ್ನು ಹದ ಮಾಡುವ ಕ್ರಮ ಗೊತ್ತಿತ್ತು. ಜೊತೆಗೆ ಮೀನು ಇತ್ತು, ಬೇರೆ ಊಟ ಇತ್ತು. ಬರೀ ನಾರ್ಡೂ ತಿಂದು ಯಾರೂ ಕೂರುತ್ತಿರಲಿಲ್ಲ. ಬರ್ಕ್ ಒಮ್ಮೆ ಸಿಟ್ಟಿನಲ್ಲಿ ಅವರತ್ತ ಗುಂಡು ಹಾರಿಸಿ ದೂರ ಮಾಡಿಕೊಂಡಿದ್ದ. ಉಳಿದ ಕಿಂಗ್ ಅವರನ್ನೇ ಹುಡುಕಿಕೊಂಡು ಹೋದ, ಅವರ ಜೊತೆಗೇ ಇದ್ದ. ಸೆಪ್ಟೆಂಬರ್‌ನಲ್ಲಿ ಹುಡುಕಲು ಬಂದವರಿಗೆ ಜೀವಂತ ಸಿಕ್ಕಿದವನು ಅವನೊಬ್ಬನೇ.

ಹಾಗಾಗಿ, ನೋಡಿ ತಿನ್ನುವುದು ಸಾಲದು. ಕೂತು ಕಲಿಯಬೇಕು. ಚಾರಣಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ಒಳ್ಳೆ ಗಡ್ಡೆ, ವಿಷದ ಗಡ್ಡೆ ಒಂದೇ ತರ ಇದ್ದರೆ ಹೇಗೆ ಗುರುತಿಸುತ್ತಾರೆ?
— ಇಬ್ಬರು ಮಕ್ಕಳ ತಾಯಿ

ಉತ್ತರ: ಹೂ ಬಿಟ್ಟಾಗ. ಉತ್ತರ ಅಮೆರಿಕದ ನೆಜ್ ಪರ್ಸ್ ಮತ್ತು ಸುತ್ತಲಿನ ಹಲವು ಜನ ಅಗೆಯುವ ಕ್ಯಾಮಸ್ ಗಡ್ಡೆ ಸಣ್ಣ ಈರುಳ್ಳಿಯ ಹಾಗಿರುತ್ತದೆ. ಅದೇ ಬಯಲಿನಲ್ಲಿ ಬೆಳೆಯುವ ಇನ್ನೊಂದು ಗಿಡಕ್ಕೆ ಸಾವಿನ ಕ್ಯಾಮಸ್ ಅಂತಲೇ ಹೆಸರು. ಗಡ್ಡೆ ನೋಡಿದರೆ ಮೋಸ ಹೋಗುತ್ತೀರಿ. ಆದರೆ ಒಳ್ಳೆಯದರ ಹೂ ನೀಲಿ, ಕೆಟ್ಟದ್ದರ ಹೂ ಕೆನೆಬಿಳಿ. ಹೂವಿನ ಕಾಲದಲ್ಲೇ ಬಯಲಿಗೆ ಹೋಗಿ ಬಿಳಿಯದನ್ನು ಕಳೆಯಂತೆ ಕಿತ್ತು ಹಾಕುವ ಪದ್ಧತಿ ಇತ್ತು.

ಒಳ್ಳೆಯದನ್ನೂ ಅವಸರದಲ್ಲಿ ತಿನ್ನುವಂತಿಲ್ಲ. ಅದರಲ್ಲಿರುವ ಇನ್ಯುಲಿನ್ ಅನ್ನುವ ಪಿಷ್ಟದಂಥ ವಸ್ತು ನಮ್ಮ ಹೊಟ್ಟೆಯಲ್ಲಿ ಅರಗುವುದಿಲ್ಲ, ವಾಯು ತುಂಬುತ್ತದೆ. ಗುಂಡಿಯಲ್ಲಿ ಕಾದ ಕಲ್ಲು, ಹುಲ್ಲು, ಗಡ್ಡೆ, ಮತ್ತೆ ಹುಲ್ಲು, ಮೇಲೆ ಮಣ್ಣು ಮುಚ್ಚಿ ಒಂದೆರಡು ದಿನ ಬೇಯಿಸಿದರೆ ಇನ್ಯುಲಿನ್ ಒಡೆದು ಸಕ್ಕರೆಯಾಗುತ್ತದೆ. ಗಡ್ಡೆ ಕಪ್ಪಾಗಿ ಸಿಹಿಯಾಗುತ್ತದೆ. 1805ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕುತ್ತಾ ಹಸಿದು ಬಂದ ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ನೆಜ್ ಪರ್ಸ್ ಜನ ಇದನ್ನೂ ಒಣಮೀನನ್ನೂ ಬಡಿಸಿದರು. ಪಾಪ, ಆಸೆಯಿಂದ ಹೊಟ್ಟೆ ಬಿರಿಯ ತಿಂದು, ಹೊಟ್ಟೆ ಕೆಟ್ಟು ಮಲಗಿಬಿಟ್ಟರು. ಅಡುಗೆಯ ತಪ್ಪೇನೂ ಇರಲಿಕ್ಕಿಲ್ಲ.

ಪ್ರಶ್ನೆ: ಕಾಡಿನದನ್ನೆಲ್ಲ ಹೀಗೆ ಆರಿಸುತ್ತಾ ಹೋದರೆ ಮುಗಿದುಹೋಗುವುದಿಲ್ಲವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ

ಉತ್ತರ: ನಿಮ್ಮ ಲೆಕ್ಕದಲ್ಲಿ ಬರೀ ಖರ್ಚಿದೆ ಸರ್, ಜಮೆ ಬಿಟ್ಟುಹೋಗಿದೆ. ಉತ್ತರ ಅಮೆರಿಕದ ಒಜಿಬ್ವೆ ಜನ ಕೆರೆಗಳಲ್ಲಿ ಮನೂಮಿನ್ ಅನ್ನುವ ಕಾಡು ಅಕ್ಕಿ ಕುಯ್ಯುತ್ತಾರೆ. ಕುಯ್ಯುತ್ತಾರೆ ಅಂದದ್ದು ತಪ್ಪು, ಕುಡುಗೋಲೇ ಇಲ್ಲ. ದೋಣಿಯಲ್ಲಿ ಇಬ್ಬರು. ಒಬ್ಬರು ಗಳ ಹಾಕಿ ದೋಣಿ ನೂಕುತ್ತಾರೆ. ಇನ್ನೊಬ್ಬರ ಕೈಯಲ್ಲಿ ಎರಡು ಹಗುರವಾದ ಕೋಲು. ಒಂದರಿಂದ ತೆನೆಯನ್ನು ದೋಣಿಯ ಮೇಲೆ ಬಗ್ಗಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಮಾಗಿದ್ದು ಮಾತ್ರ ಉದುರುತ್ತದೆ. ಅದರಲ್ಲೂ ಒಂದಿಷ್ಟು ದೋಣಿಗೆ, ಒಂದಿಷ್ಟು ನೀರಿಗೆ. ನೀರಿಗೆ ಬಿದ್ದದ್ದು ಕೆಸರಿನಲ್ಲಿ ಕೂತು ಮುಂದಿನ ವರ್ಷದ ಬೆಳೆಯಾಗುತ್ತದೆ. ಕೊಯ್ಲೂ ಬಿತ್ತನೆಯೂ ಒಂದೇ ಏಟಿಗೆ.

ಹೊರಗಿನವರು ಬಂದು ಚೀಲಗಟ್ಟಲೆ ಬಾಚಿಕೊಂಡು ಹೋಗುವಲ್ಲಿ ಮುಗಿದುಹೋಗುತ್ತದೆ, ಅದು ನಿಜ.

ಪ್ರಶ್ನೆ: ಕಕಾಡು ಪ್ಲಮ್ ಪುಡಿಯಲ್ಲಿ ವಿಟಮಿನ್ ಸಿ ಬಹಳವಂತೆ. ತರಿಸಿಕೊಳ್ಳಲಾ?
— ಹೆಸರು ಬೇಡ ಎಂದವರು

ಉತ್ತರ: ಇರುವುದು ನಿಜ. ಆ ಹಣ್ಣಿನಲ್ಲಿ ಇರುವಷ್ಟು ಬೇರೆ ಹಣ್ಣುಗಳಲ್ಲಿ ಸಿಗುವುದೇ ಅಪರೂಪ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳು ಮರದಿಂದ ತಾಜಾ ಕಿತ್ತು ತಿನ್ನುವ ಹಣ್ಣು ಅದು, ನಮ್ಮ ಅಳಲೆಕಾಯಿಯ ನೆಂಟ. ಡಬ್ಬದಲ್ಲಿ ಬರುವ ಪುಡಿ ಬೇರೆ ಮಾತು. ದಿನಾ ಊಟದಲ್ಲಿ ಹಣ್ಣು ತರಕಾರಿ ಇದ್ದರೆ ಬೇಕಾಗಿಲ್ಲ.

ಪ್ರಶ್ನೆ: ಮೇಡಂ, ಕುಟ್ಟದೆ, ತೊಳೆಯದೆ, ಹಾಗೇ ತಿನ್ನುವುದು ಒಂದೂ ಇಲ್ವಾ?
— ಆರನೇ ಕ್ಲಾಸಿನ ಹುಡುಗ

ಉತ್ತರ: ಇದೆ ಮರಿ, ಬೇಕಾದಷ್ಟಿದೆ. ತಾಂಜಾನಿಯಾದಲ್ಲಿ ಹಾಡ್ಜಾ ಅಂತ ಜನ ಇದ್ದಾರೆ. ಅಲ್ಲಿ ಬಾವೊಬಾಬ್ ಮರದ ಕಾಯಿ ಸಿಕ್ಕಿದರೆ ಮಕ್ಕಳು ಕಲ್ಲಿಗೆ ಬಡಿದು ಒಡೆಯುತ್ತಾರೆ. ಒಳಗೆ ಸೀಮೆಸುಣ್ಣದ ಹಾಗೆ ಒಣಗಿದ ಬಿಳಿ ತಿರುಳು, ಹುಳಿಹುಳಿ. ಬಾಯಿಗೆ ಹಾಕಿಕೊಂಡು ಚೀಪುವುದಷ್ಟೇ ಕೆಲಸ. ಅವರ ಅಮ್ಮಂದಿರು ಕೋಲಿನಿಂದ ಅಗೆದು ತರುವ ಗಡ್ಡೆಗಳೂ ಅಷ್ಟೇ, ಬೆಂಕಿಯಲ್ಲಿ ಸ್ವಲ್ಪ ಹೊತ್ತು ಸುಟ್ಟರೆ ಆಯಿತು. ಕೆಲವು ಗಡ್ಡೆಯಲ್ಲಿ ನಾರು ಎಷ್ಟಿರುತ್ತದೆ ಅಂದರೆ ನುಂಗಲು ಆಗುವುದಿಲ್ಲ. ಅಗಿದು, ರಸ ಹೀರಿ, ನಾರನ್ನು ಉಂಡೆ ಮಾಡಿ ಉಗಿದುಬಿಡುತ್ತಾರೆ. ನೀನು ಕಬ್ಬು ತಿನ್ನುತ್ತೀಯಲ್ಲ, ಹಾಗೆ. ಅವರನ್ನು ಯಾರೂ ಬೈಯುವುದಿಲ್ಲ. ನೀನು ಮಾತ್ರ ಉಗಿಯುವ ಮುಂಚೆ ಅಮ್ಮನನ್ನು ಕೇಳು.