ಕಾರ್ಡೂನ್ ಯಕೃತ್ತಿಗೆ ಔಷಧವೇ?

ಪ್ರಶ್ನೆ: ಕಾರ್ಡೂನ್ ತರಕಾರಿಯಲ್ಲಿ ಯಾವ ಪೋಷಕಾಂಶಗಳಿವೆ? ಅದು ಯಕೃತ್ತನ್ನು ಶುದ್ಧಗೊಳಿಸುತ್ತದೆ ಎನ್ನುವುದು ನಿಜವೇ?

ಉತ್ತರ: ಹೂಮೊಗ್ಗನ್ನು ತಿನ್ನುವ ತರಕಾರಿಯಾದ ಆರ್ಟಿಚೋಕ್‌ನ ಹತ್ತಿರದ ಸಂಬಂಧಿಯಾದ ಈ ಮೆಡಿಟರೇನಿಯನ್ ಸಸ್ಯದಲ್ಲಿ ತಿನ್ನುವುದು ಮುಖ್ಯವಾಗಿ ದಪ್ಪನೆಯ ಎಲೆದಂಟನ್ನು. 100 ಗ್ರಾಂ ಹಸಿ ದಂಟಿನಲ್ಲಿ ಸುಮಾರು 94 ಗ್ರಾಂ ನೀರೇ ಇದ್ದು, ಸುಮಾರು 17 ಕಿಲೋಕ್ಯಾಲರಿ ಶಕ್ತಿ, 400 ಮಿಲಿಗ್ರಾಂ ಪೊಟ್ಯಾಸಿಯಂ, 70 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ ಒಂದಿಷ್ಟು ಫೋಲೇಟ್ (ಒಂದು ಬಿ ವಿಟಮಿನ್) ದೊರೆಯುತ್ತವೆ. ಆದರೆ ಸೋಡಿಯಂ ಕೂಡ ಸುಮಾರು 170 ಮಿಲಿಗ್ರಾಂ ಇರುವುದರಿಂದ, ತರಕಾರಿಯೊಂದರ ಮಟ್ಟಿಗೆ ಅದು ಹೆಚ್ಚೇ ಎನ್ನಬೇಕು.

ಇದರಲ್ಲಿರುವ ಕ್ಲೋರೋಜೆನಿಕ್ ಆಮ್ಲ, ಸೈನಾರಿನ್, ಲ್ಯೂಟಿಯೋಲಿನ್ ಮುಂತಾದ ಸಸ್ಯಜನ್ಯ ಸಂಯುಕ್ತಗಳಾದ ಪಾಲಿಫೀನಾಲ್‌ಗಳು ಪ್ರಯೋಗಾಲಯದಲ್ಲಿ ಉತ್ಕರ್ಷಣ ನಿರೋಧಕ (ಜೀವಕೋಶಗಳಿಗೆ ಹಾನಿ ಮಾಡುವ ಕ್ರಿಯೆಯನ್ನು ತಡೆಯುವ) ಗುಣವನ್ನು ತೋರಿವೆಯಾದರೂ, ಸಾಂದ್ರೀಕರಿಸಿದ ಸಾರದ ಫಲವನ್ನು ಬೇಯಿಸಿದ ದಂಟಿನಿಂದ ನಿರೀಕ್ಷಿಸಲಾಗದು. ‘ಶುದ್ಧೀಕರಣ’ ಎಂಬುದಂತೂ ಉತ್ಪ್ರೇಕ್ಷೆ. ಪಿತ್ತಕೋಶದಲ್ಲಿ ಕಲ್ಲುಗಳಿರುವವರು ಇದರ ಸಾರವನ್ನು ವೈದ್ಯರನ್ನು ಕೇಳದೆ ಸೇವಿಸಬಾರದು.