ಫೈಲ್ ಕಳಿಸುವ ಕೆಲಸ ಅಸಿಸ್ಟೆಂಟಿಗೇ ಬಿಡಬಹುದಾ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಕೋಡ್ ಬರೆದುಕೊಡುವ ಎಐ ಅಸಿಸ್ಟೆಂಟ್ ಕ್ಲಾಡ್ ಕೋಡ್ ಬಳಸುತ್ತೇನೆ. ಟೆಸ್ಟ್ ರಿಪೋರ್ಟ್, ಎಚ್‌ಟಿಎಂಎಲ್ ಪುಟ, ಲಾಗ್, ಸ್ಕ್ರೀನ್‌ಶಾಟ್ ಎಂದು ಅದು ದಿನವಿಡೀ ಫೈಲ್ ಮಾಡಿಕೊಡುತ್ತಲೇ ಇರುತ್ತದೆ. ಟೀಮಿನವರಿಗೆ ತೋರಿಸಬೇಕು ಅಂದರೆ ನಾನೇ ಫೋಲ್ಡರ್ ಹುಡುಕಿ, ಟೀಮಿನ ಚಾಟ್ ಆ್ಯಪ್ ಸ್ಲ್ಯಾಕ್‌ಗೆ ಎಳೆದು ಹಾಕಿ, 'ಹಳೇದು ನೋಡ್ಬೇಡಿ, ಇದನ್ನ ನೋಡಿ' ಅಂತ ಮತ್ತೆ ಬರೆಯಬೇಕು. ನಮ್ಮ ಲೀಡ್, 'ಅಸಿಸ್ಟೆಂಟಿಗೇ ಹೇಳಮ್ಮ, ಅದೇ ಲಿಂಕ್ ಮಾಡಿ ಕಳಿಸಲಿ' ಅನ್ನುತ್ತಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಸುಮ್ನೆ ಹೆದರುತ್ತಿದ್ದೇನಾ?
— ಸಾಫ್ಟ್‌ವೇರ್ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಸುಮ್ನೆ ಹೆದರುತ್ತಿಲ್ಲ. ಹಾಗಂತ ನಿಮ್ಮ ಲೀಡ್ ಹೇಳಿದ್ದೂ ತಪ್ಪಲ್ಲ. ಫೋಲ್ಡರಿನಿಂದ ಸ್ಲ್ಯಾಕ್‌ಗೆ ಎಳೆದು ಹಾಕುವುದು ಓದಿದವರು ಮಾಡಬೇಕಾದ ಕೆಲಸವೇನೂ ಅಲ್ಲ.

ಆದರೆ ಎಳೆದು ಹಾಕುವಾಗ ಇನ್ನೊಂದು ಕೆಲಸವೂ ತಾನಾಗಿ ಆಗುತ್ತಿರುತ್ತದೆ. ನೀವು ಒಮ್ಮೆ ಕಣ್ಣಾಡಿಸುತ್ತೀರಿ. ಫೈಲಿನ ಹೆಸರೇನು, ಎಷ್ಟು ದೊಡ್ಡದು, ಯಾವ ಚಾನೆಲ್ಲಿಗೆ ಹೋಗುತ್ತಿದೆ ಅಂತ. 'ಅಯ್ಯೋ, ಇದರಲ್ಲಿ ಕ್ಲೈಂಟ್‌ನವರೂ ಇದ್ದಾರಲ್ಲ' ಎಂದು ಕೈ ನಿಲ್ಲುವುದು ಅಲ್ಲೇ. ಅಸಿಸ್ಟೆಂಟಿಗೆ ಬಿಟ್ಟರೆ ಶ್ರಮದ ಜೊತೆಗೆ ಈ ನೋಡುವ ಕ್ಷಣವೂ ಹೋಗಿಬಿಡುತ್ತದೆ. ಹಾಗಾಗಿ ಕಟ್ಟುವುದು, ಹೆಸರಿಡುವುದು, ಲಿಂಕ್ ತಯಾರಿಸುವುದು ಅದು ಮಾಡಲಿ. ಹೊರಗೆ ಬಿಡುವ ಕೊನೆಯ 'ಹೂಂ' ಮಾತ್ರ ನಿಮ್ಮದಾಗಿರಲಿ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಅಸಿಸ್ಟೆಂಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹೆಸರಿನಲ್ಲೇ ಓಡುತ್ತದೆ. ನೀವು ತೆರೆಯಬಹುದಾದ ಫೈಲನ್ನೆಲ್ಲ ಅದೂ ತೆರೆಯಬಹುದು, ನೀವಾಗಿ ತಡೆ ಹಾಕದ ಹೊರತು. ಪಾಸ್‌ವರ್ಡ್ ಇಟ್ಟಿರುವ ಡಾಟ್ ಎನ್ವ್ (.env) ಫೈಲ್, ಸರ್ವರಿಗೆ ಹೋಗುವ ಎಸ್‌ಎಸ್‌ಎಚ್ ಕೀ, ಎಲ್ಲವೂ ಅದರ ಕೈಗೆಟುಕುವ ದೂರದಲ್ಲಿವೆ. ಅದಕ್ಕೆ ಕೆಟ್ಟ ಬುದ್ಧಿ ಇರಬೇಕಿಲ್ಲ. 'ಪ್ರಾಜೆಕ್ಟ್ ಫೋಲ್ಡರ್ ಕಳಿಸು' ಅಂದರೆ ಜಿಪ್ ಮಾಡಿ ಕಳಿಸುತ್ತದೆ. ಆ ಜಿಪ್ ಒಳಗೆ ಡಾಟ್ ಎನ್ವ್ ಕೂಡ ಕೂತಿರುತ್ತದೆ. ಚುಕ್ಕಿಯಿಂದ ಶುರುವಾಗುವ ಫೈಲುಗಳು ಮಾಮೂಲಿಯಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಯಂತ್ರವೇ ಇಲ್ಲದೆ, ಮನುಷ್ಯರೇ ಮಾಡಿಕೊಂಡ ಒಂದು ಉದಾಹರಣೆ ಕೇಳಿ. ಕಾರುಗಳನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಟೊಯೊಟಾದ ಟಿ-ಕನೆಕ್ಟ್ ಎಂಬ ಸೇವೆಯ ಸೋರ್ಸ್ ಕೋಡಿನ ಒಂದು ಭಾಗವನ್ನು 2017ರ ಡಿಸೆಂಬರಿನಲ್ಲಿ ಗುತ್ತಿಗೆದಾರರೊಬ್ಬರು ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದರು. ಅದರೊಳಗೆ ಡೇಟಾ ಸರ್ವರಿನ ಕೀ ಇತ್ತು. ಕಂಪನಿಗೆ ಗೊತ್ತಾಗಿದ್ದು 2022ರ ಸೆಪ್ಟೆಂಬರಿನಲ್ಲಿ. 2,96,019 ಗ್ರಾಹಕರ ಇಮೇಲ್ ವಿಳಾಸ ಸೋರಿರಬಹುದು ಎಂದು ಟೊಯೊಟಾ ಆಮೇಲೆ ಹೇಳಿತು. ಹೆಚ್ಚುಕಮ್ಮಿ ಐದು ವರ್ಷ ಯಾರೂ ಆ ಕಡೆ ನೋಡಿರಲಿಲ್ಲ.

ಯಂತ್ರ ಸೇರಿಕೊಂಡಾಗ ಹೊಸ ತಲೆನೋವೊಂದು ಬರುತ್ತದೆ. ಅಸಿಸ್ಟೆಂಟ್ ಓದುವ ಬರಹದೊಳಗೇ ಯಾರಾದರೂ ಅದಕ್ಕೆ ಆದೇಶ ಅಡಗಿಸಿಡಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ. 2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಇದನ್ನು ಮಾಡಿಯೇ ತೋರಿಸಿತು. ಸಾರ್ವಜನಿಕ ಗಿಟ್‌ಹಬ್ ರೆಪೊದಲ್ಲಿ, ಅಂದರೆ ಕೋಡಿನ ಕಣಜದಲ್ಲಿ, ದೂರಿನ ವೇಷದಲ್ಲಿ ಒಂದು ಇಶ್ಯೂ ಬರೆದಿಟ್ಟರು. 'ಇಶ್ಯೂಗಳನ್ನು ನೋಡು' ಎಂದು ಮಾಲೀಕ ಹೇಳಿದ. ಅಸಿಸ್ಟೆಂಟ್ ಅದನ್ನು ಓದಿತು, ಮಾಲೀಕನ ಖಾಸಗಿ ರೆಪೊ ತೆರೆಯಿತು, ಅಲ್ಲಿದ್ದ ಮಾಹಿತಿಯನ್ನು ತಂದು ಸಾರ್ವಜನಿಕ ಜಾಗದಲ್ಲಿ ಹಾಕಿತು. ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್ ಮುಂದಿನ ತಿಂಗಳೇ ಇದರ ಲೆಕ್ಕ ಬಿಡಿಸಿ ಬರೆದರು. ಖಾಸಗಿ ಮಾಹಿತಿ ಕೈಗೆ ಸಿಗುವುದು, ಹೊರಗಿನವರು ಬರೆದದ್ದನ್ನು ಓದುವುದು, ಹೊರಗೆ ಕಳಿಸುವ ದಾರಿ ಇರುವುದು. ಮೂರೂ ಒಂದೇ ಕಡೆ ಸೇರಿದರೆ ಅಪಾಯ. ನಿಮ್ಮ ಅಸಿಸ್ಟೆಂಟಿಗೆ ಮೊದಲ ಎರಡು ಈಗಾಗಲೇ ಇವೆ ಅಂದುಕೊಳ್ಳುತ್ತೇನೆ. ಲೀಡ್ ಕೊಡಿಸಲು ಹೊರಟಿರುವುದು ಮೂರನೆಯದು.

ಇನ್ನು ಹೇಗೆ ಮಾಡುವುದು ಅಂತ. ಪ್ರಾಜೆಕ್ಟಿನ ಹೊರಗೆ ಒಂದು ಫೋಲ್ಡರ್ ಮಾಡಿ, ಹಂಚುವುದಕ್ಕೆಂದೇ. ಕಳಿಸಬೇಕಾದ್ದನ್ನು ಅಸಿಸ್ಟೆಂಟ್ ಅಲ್ಲಿಗೆ ಕಾಪಿ ಮಾಡಲಿ. ಹಂಚುವ ಕಮಾಂಡ್ ಆ ಫೋಲ್ಡರನ್ನು ಬಿಟ್ಟು ಬೇರೆಲ್ಲೂ ಕೈ ಹಾಕಬಾರದು. ಕ್ಲಾಡ್ ಕೋಡಿನ ಸೆಟ್ಟಿಂಗಿನಲ್ಲಿ ಯಾವುದಕ್ಕೆ ಅನುಮತಿ, ಯಾವುದಕ್ಕೆ ಕೇಳಬೇಕು, ಯಾವುದು ಬೇಡವೇ ಬೇಡ ಎಂದು ಬರೆದಿಡಬಹುದು. ಹಂಚುವ ಕಮಾಂಡನ್ನು 'ಕೇಳಬೇಕು' ಪಟ್ಟಿಗೆ ಹಾಕಿ, ಡಾಟ್ ಎನ್ವ್ ಓದುವುದನ್ನು 'ಬೇಡ' ಪಟ್ಟಿಗೆ. ಇದೊಂದನ್ನೇ ನಂಬಿ ಕೂರಬೇಡಿ. ಅದೇ ಬರೆದ ಸ್ಕ್ರಿಪ್ಟ್ ಓಡುವಾಗ ಬೇರೆ ದಾರಿಯಲ್ಲಿ ಅದೇ ಫೈಲ್ ತೆರೆದುಬಿಡಬಹುದು. ಹಾಗೆಯೇ ಎಲ್ಲದಕ್ಕೂ 'ಯೆಸ್, ಯೆಸ್' ಒತ್ತಿ ಬೇಜಾರಾಗಿ ಪ್ರಶ್ನೆಯೇ ಬರದಂತೆ ಮಾಡಿಕೊಳ್ಳುವವರಿದ್ದಾರೆ. ಪರೀಕ್ಷೆ ಓಡಿಸುವುದಕ್ಕೆ ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಕಳಿಸುವುದಕ್ಕೆ ಬೇಡ.

ಕಳಿಸುವ ದಾರಿಗಳಲ್ಲಿ ಎರಡನ್ನು ಕಂಡರೆ ನನಗೆ ಆಗುವುದೇ ಇಲ್ಲ. ಒಂದು, ಪೈಥಾನಿನ ಪುಟ್ಟ ವೆಬ್ ಸರ್ವರ್. ಒಂದೇ ಸಾಲಿನ ಕಮಾಂಡ್ ನೋಡಿ, ಅಸಿಸ್ಟೆಂಟುಗಳಿಗೆ ಬಲು ಇಷ್ಟ. ಅದು ನಿಂತ ಫೋಲ್ಡರನ್ನು ಪೂರ್ತಿ, ಚುಕ್ಕಿ ಫೈಲುಗಳ ಸಮೇತ, ಅದೇ ವೈಫೈನಲ್ಲಿರುವ ಎಲ್ಲರ ಮುಂದೆ ತೆರೆದಿಡುತ್ತದೆ. ಪಿಜಿಯಲ್ಲೋ ಕೆಫೆಯಲ್ಲೋ ಕೂತಿದ್ದರೆ ಯೋಚನೆ ಮಾಡಿ. ಇನ್ನೊಂದು, ಎನ್‌ಗ್ರಾಕ್ ತರಹದ ಟನಲ್. ಅದು ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ಸರ್ವರನ್ನು ಇಡೀ ಇಂಟರ್‌ನೆಟ್ಟಿಗೇ ತೆರೆದಿಡುತ್ತದೆ. ಕೋಡಿನ ತುಣುಕು ಹಂಚುವ ಗಿಟ್‌ಹಬ್‌ನ 'ಸೀಕ್ರೆಟ್' ಗಿಸ್ಟ್ ಬಗ್ಗೆಯೂ ಒಂದು ಮಾತು. ಲಿಂಕ್ ಸಿಕ್ಕಿದ ಯಾರು ಬೇಕಾದರೂ ಅದನ್ನು ಓದಬಹುದು.

ಇಷ್ಟವಾದದ್ದೂ ಒಂದಿದೆ: ಮ್ಯಾಜಿಕ್ ವರ್ಮ್‌ಹೋಲ್ ಎಂಬ ಫೈಲ್ ಕಳಿಸುವ ಪ್ರೋಗ್ರಾಂ. ಬ್ರಯಾನ್ ವಾರ್ನರ್ ಬರೆದದ್ದು. ಕಳಿಸುವವರಿಗೆ ಒಂದು ಅಂಕಿ, ಎರಡು ಇಂಗ್ಲಿಷ್ ಪದಗಳ ಕೋಡ್ ಸಿಗುತ್ತದೆ. ತೆಗೆದುಕೊಳ್ಳುವವರು ಅದನ್ನು ಹಾಕಿದರೆ ಫೈಲ್ ಬರುತ್ತದೆ, ದಾರಿಯುದ್ದಕ್ಕೂ ಬೀಗ ಹಾಕಿಕೊಂಡೇ. ಕೋಡ್ ಒಂದೇ ಸಲಕ್ಕೆ. ಯಾರಾದರೂ ತಪ್ಪು ಊಹಿಸಿದರೂ ಅದು ಕೆಡುತ್ತದೆ. ಮಧ್ಯದ ಸರ್ವರಿನಲ್ಲಿ ಫೈಲ್ ಉಳಿಯುವುದಿಲ್ಲ. ಇಲ್ಲಿ ಅಸಿಸ್ಟೆಂಟ್ ಕೋಡ್ ತನಕ ಎಲ್ಲ ಮಾಡಿಕೊಡಲಿ, ಕೋಡನ್ನು ನೀವು ಫೋನಿನಲ್ಲಿ ಓದಿ ಹೇಳಿ. ಆ 'ಹೂಂ' ನಿಮ್ಮ ಬಾಯಲ್ಲೇ ಉಳಿಯಿತು ನೋಡಿ. ತೊಡಕೆಂದರೆ ಇಬ್ಬರೂ ಒಂದೇ ಹೊತ್ತಿಗೆ ಕಂಪ್ಯೂಟರ್ ಮುಂದಿರಬೇಕು, ಕಂಪನಿಯ ಸೆಕ್ಯೂರಿಟಿಯವರೂ ಒಪ್ಪಬೇಕು. ಒಪ್ಪದಿದ್ದರೆ ಕಂಪನಿಯದೇ ಡ್ರೈವ್, ಟೀಮಿನವರಿಗೆ ಮಾತ್ರ ತೆರೆಯುವ ಲಿಂಕ್, ಒಂದು ವಾರದ ಗಡುವು. ಗಡುವು ಮರೆಯಬೇಡಿ. ನಾನು ಸರ್ವರ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ವಯಸ್ಸು ಕಳೆದವಳು. ಒಂದು ಕಡೆ 'ಟೆಂಪ್' ಅನ್ನುವ ಫೋಲ್ಡರಿನಲ್ಲಿ ಹಳೆಯ ವರ್ಷಗಳ ಸಂಬಳದ ಪಟ್ಟಿ ಸಿಕ್ಕಿತ್ತು, ಇಡೀ ಆಫೀಸಿಗೆ ತೆರೆದುಕೊಂಡು. ಇಟ್ಟವರು ಕೆಲಸ ಬಿಟ್ಟು ಹೋಗಿಯಾಗಿತ್ತು.

'ಹೂಂ' ಅನ್ನುವ ಮೊದಲು ಫೈಲಿನ ಒಳಗೊಮ್ಮೆ ನೋಡಿ. ರಿಪೋರ್ಟ್ ಪುಟ ಸಾಧುವಾಗಿ ಕಾಣುತ್ತದೆ, ಟೆಸ್ಟ್ ಡೇಟಾ ಮಾತ್ರ ನಿಜವಾದ ಗ್ರಾಹಕರ ಡೇಟಾಬೇಸಿನಿಂದ ತಂದದ್ದಾಗಿರುತ್ತದೆ. ಲಾಗ್‌ಗಳಲ್ಲಂತೂ ಮೊಬೈಲ್ ನಂಬರ್ ಸಾಲುಸಾಲು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ಕಾಪಾಡಲು ತಕ್ಕ ಎಚ್ಚರ ವಹಿಸದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಲೀಡ್ ಮುಂದೆ ಈ ಅಂಕಿ ಒಂದನ್ನು ಹೇಳಿ, ಗಮನ ಕೊಟ್ಟು ಕೇಳುತ್ತಾರೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಸೀನಿಯರ್ ಒಬ್ಬರು, 'ಅಸಿಸ್ಟೆಂಟ್ ಲೋಕಲ್ ಆಗಿ ಓಡುತ್ತೆ, ಫೈಲ್ ಹೊರಗೆ ಹೋಗಲ್ಲ' ಅಂದರು. ನಿಜವಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅರ್ಧ ನಿಜ. ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಆದರೆ ಸಾಮಾನ್ಯವಾಗಿ ಯೋಚಿಸುವ ಮಾಡೆಲ್ ದೂರದ ಸರ್ವರಿನಲ್ಲಿರುತ್ತದೆ. ಅದು ಓದಿದ ಫೈಲಿನ ಪಠ್ಯ ಅಲ್ಲಿಗೆ ಹೋಗಲೇಬೇಕು. ಸ್ಯಾಮ್‌ಸಂಗ್ ಎಂಜಿನಿಯರುಗಳು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, 2023ರಲ್ಲಿ ಕಂಪನಿ ಇಂಥ ಸಾಧನಗಳಿಗೆ ತಡೆ ಹಾಕಿತ್ತು. ಪೂರ್ತಿ ನಿಮ್ಮ ಯಂತ್ರದಲ್ಲೇ ಇರಬೇಕು ಅಂದರೆ ಒಲ್ಲಾಮಾದಂಥದ್ದರಲ್ಲಿ ಸಣ್ಣ ಮಾಡೆಲ್ ಓಡಿಸಬಹುದು. ರ‍್ಯಾಮ್ ಜಾಸ್ತಿ ಬೇಕು, ಕೆಲಸ ನಿಧಾನ. ಇಂಟರ್ನ್ ಆಗಿರುವಾಗ ಕಂಪನಿ ಕೊಟ್ಟ ಖಾತೆಯಲ್ಲೇ ಕೆಲಸ ಮಾಡಿ, ಸ್ವಂತ ಖಾತೆಯಲ್ಲಿ ಬೇಡ.

ಪ್ರಶ್ನೆ: ನನ್ನದು ಉಲ್ಟಾ ಗೋಳು. ಟೀಮಿನ ಹುಡುಗರು ಅಸಿಸ್ಟೆಂಟ್ ಬರೆದ ಉದ್ದುದ್ದ ಡಾಕ್ಯುಮೆಂಟುಗಳನ್ನು ಸೀದಾ ನನಗೆ ತಳ್ಳುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಹೊಸ ಆವೃತ್ತಿ ಬಂದಿರುತ್ತದೆ. ಬೈದರೆ ಹಳೇ ಕಾಲದವರು ಅಂತಾರೆ.
— ಟೆಸ್ಟಿಂಗ್ ವಿಭಾಗ, ಮಂಗಳೂರು

ಉತ್ತರ: ಬೈಯಬೇಡಿ ಸರ್, ವಾಪಸ್ ಕಳಿಸಿ. ಜೊತೆಗೆ ಒಂದೇ ಪ್ರಶ್ನೆ ಬರೆಯಿರಿ: 'ಇದನ್ನು ನೀನು ಓದಿದೀಯಾ?' ಉತ್ತರ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದರಲ್ಲೇ ನಿಮಗೆ ಗೊತ್ತಾಗುತ್ತದೆ.

ಆಮೇಲೆ ಟೀಮಿನಲ್ಲಿ ಒಂದು ಕಟ್ಟುಪಾಡು ಮಾಡಿ. ಯಾವ ಫೈಲ್ ಬಂದರೂ ಮೇಲ್ಗಡೆ ಎರಡು ಸಾಲು ಕಳಿಸಿದವರೇ ಕೈಯಾರೆ ಬರೆದಿರಬೇಕು: ನೀವು ಏನು ನೋಡಬೇಕು, ಯಾಕೆ ನೋಡಬೇಕು. ಅದರ ಕೆಳಗೆ ಕೋಡಿನ ಯಾವ ಆವೃತ್ತಿ (ಯಾವ ಬ್ರಾಂಚ್, ಯಾವ ಕಮಿಟ್), ಯಾವ ಕಮಾಂಡಿನಿಂದ ಬಂದದ್ದು ಎನ್ನುವುದನ್ನು ಅಸಿಸ್ಟೆಂಟೇ ಸೇರಿಸಲಿ. ಅದು ಬೇಜಾರಿಲ್ಲದೆ ಮಾಡುವ ಕೆಲಸ, ಹುಡುಗರು ಮರೆಯುವ ಕೆಲಸ. ಹೊಸ ಆವೃತ್ತಿ ಹಳೆಯ ಲಿಂಕಿನಲ್ಲೇ ಬರಬೇಕು. ಪ್ರತಿ ಸಲ ಹೊಸ ಲಿಂಕ್ ಕೊಟ್ಟರೆ ನೀವು ಸೋಮವಾರದ ರಿಪೋರ್ಟ್ ನೋಡಿ ಬಗ್ ಬರೆಯುತ್ತೀರಿ, ಅವರು ಗುರುವಾರದ್ದು ನೋಡಿ 'ಇಲ್ಲವಲ್ಲ ಸರ್' ಅನ್ನುತ್ತಾರೆ. ಆ ಜಗಳಕ್ಕೆ ಕೊನೆಯೇ ಇಲ್ಲ.

ಹಳೇ ಕಾಲದವರು ಅಂದರೆ ಅನ್ನಲಿ ಬಿಡಿ. ಬಗ್ ಹಿಡಿಯುವುದು ನೀವೇ ತಾನೇ.

ಕಡೂರಿನ ಓದುಗರೇ, ನಿಮ್ಮ ಪ್ರಿಂಟರಿನ ಪತ್ರ ಬಂದಿದೆ. ಮಾಡೆಲ್ ನಂಬರ್ ಬರೆದಿಲ್ಲ, ಬರೆದು ಕಳಿಸಿ.